ಬಿಳಿ ಪೊಟ್ಟಣ, ಕರಿ ಪೊಟ್ಟಣ: ಎರಡು ಪುಡಿಗಳ ಆಕ್ಸಿಜನ್ ಕಿಟ್ ಎಷ್ಟಕ್ಕೆ ಸಾಕು?

ಕರೆಂಟ್ ಬೇಡ, ಸಿಲಿಂಡರ್ ಬೇಡ, ನೀರಿಗೆ ಎರಡು ಪುಡಿ ಹಾಕಿದರೆ ಮನೆಯಲ್ಲೇ ಆಮ್ಲಜನಕ. 2021ರ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಇಂಥ ಕಿಟ್‌ಗಳ ಜಾಹೀರಾತು ವಾಟ್ಸ್‌ಆ್ಯಪ್ ತುಂಬ ಹರಿದಾಡಿತು. ಆ ಗಡಿಬಿಡಿ ಮುಗಿದರೂ ಸರಕು ಮಾಯವಾಗಿಲ್ಲ. ಹೆಸರು, ಬಣ್ಣ ಬೇರೆ ಬೇರೆ, ಒಳಗಿನ ವಿನ್ಯಾಸ ಮಾತ್ರ ಒಂದೇ: ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ, ತಿರುಪಿನ ಮುಚ್ಚಳ, ಅದರಿಂದ ಹೊರಡುವ ನಳಿಕೆ, ನಡುವೆ ನೀರು ತುಂಬಿದ ಸಣ್ಣ ಬಾಟಲಿ, ಕೊನೆಯಲ್ಲಿ ಮಾಸ್ಕ್ ಅಥವಾ ಮೂಗಿಗೆ ಹಾಕುವ ಕ್ಯಾನುಲಾ. ಜೊತೆಗೆ ಎರಡು ಬಗೆಯ ಪೊಟ್ಟಣ, ಒಂದರಲ್ಲಿ ಸಕ್ಕರೆಯಂಥ ಬಿಳಿ ಹರಳು, ಇನ್ನೊಂದರಲ್ಲಿ ಚಿಟಿಕೆಯಷ್ಟು ಕರಿ ಪುಡಿ. ಆದ್ದರಿಂದ ಇದು ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ, ಈ ವಿನ್ಯಾಸದ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಾಲೆಯ ಪ್ರಯೋಗದ ಮೇಜಿನ ಮೇಲೆ ಐದಕ್ಕೆ ನಾಲ್ಕು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಸೊನ್ನೆ. ಎರಡು ಅಂಕವೂ ಒಂದೇ ಲೆಕ್ಕದಿಂದ ಬಂದವು.

ಪೊಟ್ಟಣದಲ್ಲಿ ಏನಿದೆ

ಬಿಳಿ ಹರಳು ಸೋಡಿಯಂ ಪರ್‌ಕಾರ್ಬೊನೇಟ್. ಹೆಸರು ಕೇಳಿದರೆ ಹೊಸ ಔಷಧಿಯಂತಿದೆ, ಆದರೆ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಹರಳುಗಟ್ಟಿದ ವಸ್ತು. ಎರಡು ಪಾಲು ಸೋಡಿಯಂ ಕಾರ್ಬೊನೇಟಿಗೆ ಮೂರು ಪಾಲು ಪೆರಾಕ್ಸೈಡ್. ಬಿಳಿ ಬಟ್ಟೆಯ ಕಲೆ ತೆಗೆಯಲು ‘ಆಕ್ಸಿಜನ್ ಬ್ಲೀಚ್’ ಎಂದು ಮಾರುವುದೂ ಇದನ್ನೇ. ನೀರಿಗೆ ಬಿದ್ದ ಕೂಡಲೇ ಪೆರಾಕ್ಸೈಡ್ ಬಿಡುಗಡೆಯಾಗುತ್ತದೆ. ಅದನ್ನು ಹಾಗೇ ಬಿಟ್ಟರೆ ನಿಧಾನವಾಗಿ, ಗಂಟೆಗಟ್ಟಲೆ ಗುಳ್ಳೆ ಬಿಡುತ್ತಾ ಒಡೆಯುತ್ತದೆ. ಕರಿ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಅದು ಕ್ರಿಯಾವರ್ಧಕ. ಗಂಟೆಗಳ ಕೆಲಸವನ್ನು ನಿಮಿಷಗಳಿಗೆ ಇಳಿಸುತ್ತದೆ, ತಾನು ಖರ್ಚಾಗುವುದಿಲ್ಲ. ಪೆರಾಕ್ಸೈಡನ್ನು 1818ರಲ್ಲಿ ಮೊದಲು ತಯಾರಿಸಿದ ಫ್ರಾನ್ಸಿನ ಲೂಯಿ ಜಾಕ್ ತೆನಾರ್ ಇದೇ ಕರಿ ಪುಡಿ ತಾಗಿದರೆ ಅದು ಒಡೆಯುವುದನ್ನೂ ಗಮನಿಸಿದ್ದ. ಅಂದರೆ ಕಿಟ್‌ನ ರಸಾಯನ ಇನ್ನೂರು ವರ್ಷ ಹಳೆಯದು. ಅದರಲ್ಲಿ ಮೋಸವಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆ ಸಾಮಾನ್ಯ: ಕರಿ ಪುಡಿ ಹೆಚ್ಚು ಹಾಕಿದರೆ ಆಮ್ಲಜನಕ ಹೆಚ್ಚು ಬರುತ್ತದೆ ಎಂದು. ಬರುವುದಿಲ್ಲ. ಬೇಗ ಬರುತ್ತದೆ, ಅಷ್ಟೆ. ಒಟ್ಟು ಎಷ್ಟು ಬರಬೇಕು ಎಂಬುದನ್ನು ಬಿಳಿ ಪೊಟ್ಟಣ ಆಗಲೇ ತೀರ್ಮಾನಿಸಿರುತ್ತದೆ. ನೂರು ಗ್ರಾಂ ಬಿಳಿ ಹರಳಿಗೆ ಅರ್ಧದಿಂದ ಒಂದು ಗ್ರಾಂ ಕರಿ ಪುಡಿ ಧಾರಾಳ.

ಲೆಕ್ಕ

ಶುದ್ಧ ಪರ್‌ಕಾರ್ಬೊನೇಟಿನ ತೂಕದಲ್ಲಿ ಬಿಡುಗಡೆಯಾಗಬಲ್ಲ ಆಮ್ಲಜನಕ 15.3%. ಮಾರುಕಟ್ಟೆಯ ಸರಕಿನಲ್ಲಿ 13ರಿಂದ 14%. ಹರಳು ಬೇಗ ಕೆಡದಿರಲಿ ಎಂದು ಮೇಲೆ ಕೊಡುವ ಲೇಪನವೂ, ಗೋದಾಮಿನಲ್ಲಿ ಆಗುವ ನಷ್ಟವೂ ಸೇರಿ ಅಷ್ಟು ಇಳಿಯುತ್ತದೆ. 13.5% ಎಂದು ಹಿಡಿಯೋಣ. ನೂರು ಗ್ರಾಂ ಪೊಟ್ಟಣದಿಂದ 13.5 ಗ್ರಾಂ ಆಮ್ಲಜನಕ, ಅಂದರೆ ಕೋಣೆಯ ಉಷ್ಣತೆಯಲ್ಲಿ ಸಮುದ್ರಮಟ್ಟದ ಒತ್ತಡಕ್ಕೆ ಹತ್ತು ಲೀಟರ್ ಚಿಲ್ಲರೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅದೇ ಪೊಟ್ಟಣ ಅಲ್ಲಿ ಹನ್ನೊಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ತುಂಬುತ್ತದೆ. ಖುಷಿಪಡಬೇಕಿಲ್ಲ, ಗಾಳಿ ತೆಳುವಾಗಿದೆ, ಆಮ್ಲಜನಕದ ತೂಕ ಅಷ್ಟೇ.

ಪೊಟ್ಟಣಕ್ಕೆ ಹತ್ತು ಲೀಟರ್. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಡಬ್ಬದ ಮೇಲಿನ ಯಾವ ಮಾತನ್ನೂ ಅಳೆಯಬಹುದು.

ವೈದ್ಯರು ನಿಮಿಷಕ್ಕೆ 5 ಲೀಟರ್ ಬರೆದರೆ ಪೊಟ್ಟಣ ಎರಡು ನಿಮಿಷಕ್ಕೆ ಮುಗಿಯುತ್ತದೆ. ಬರೀ 2 ಲೀಟರ್ ಬರೆದರೂ ಐದು ನಿಮಿಷಕ್ಕೊಂದು ಪೊಟ್ಟಣ ಒಡೆಯಬೇಕು. ರಾತ್ರಿ ಎಂಟು ಗಂಟೆಗೆ ತೊಂಬತ್ತಕ್ಕೂ ಹೆಚ್ಚು ಪೊಟ್ಟಣ, ಒಂಬತ್ತು ಕಿಲೋ ಮೀರಿದ ಪುಡಿ, ಪ್ರತಿ ಸಲ ಡಬ್ಬಿ ತೊಳೆದು ಹೊಸ ನೀರು. ಆಸ್ಪತ್ರೆಯಲ್ಲಿ ಕಾಣುವ ದೊಡ್ಡ ಡಿ ಟೈಪ್ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಅದಕ್ಕೆ ಸಮನಾಗಲು ಎಪ್ಪತ್ತು ಕಿಲೋ ಹತ್ತಿರ ಪುಡಿ ಬೇಕು. ಮನೆಗೆ ತರುವ ಚಿಕ್ಕ ಬಿ ಟೈಪ್ ಸಿಲಿಂಡರಿನ 1,500 ಲೀಟರಿಗೂ ಹದಿನೈದು ಕಿಲೋ.

ಮಾರುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರ ಉತ್ತರ ಜಾಣತನದ್ದು: ‘ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹ ನಿಮಿಷಕ್ಕೆ ಬಳಸುವುದು 250 ಮಿಲಿಲೀಟರ್ ಆಮ್ಲಜನಕ ಮಾತ್ರ, ನಮ್ಮ ಕಿಟ್ 500 ಕೊಡುತ್ತದೆ.’ ಎರಡೂ ಸಂಖ್ಯೆ ನಿಜ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸುವುದೇ ದಾರಿ ತಪ್ಪಿಸುವ ಕೆಲಸ. ಕ್ಯಾನುಲಾದಿಂದ ಬರುವ ಅನಿಲ ನಿರಂತರ ಹರಿಯುತ್ತದೆ. ನಾವು ಉಸಿರು ಒಳಗೆಳೆಯುವುದು ಮೂರರಲ್ಲಿ ಒಂದು ಪಾಲು ಹೊತ್ತು, ಉಳಿದ ಹೊತ್ತಿನಲ್ಲಿ ಬಂದದ್ದು ಬಹುಪಾಲು ಕೋಣೆಗೆ ಹೋಗುತ್ತದೆ. ಒಳಗೆ ಹೋದದ್ದೂ ಕೋಣೆಯ ಗಾಳಿಯ ಜೊತೆ ಬೆರೆತೇ ಹೋಗುತ್ತದೆ. ಕ್ಯಾನುಲಾದಲ್ಲಿ ನಿಮಿಷಕ್ಕೆ ಒಂದು ಲೀಟರ್ ಕೊಟ್ಟರೆ ಉಸಿರಿನ ಗಾಳಿಯಲ್ಲಿ ಆಮ್ಲಜನಕದ ಪಾಲು 21ರಿಂದ 24%ರ ಆಸುಪಾಸಿಗೆ ಏರುತ್ತದೆ ಎಂಬುದು ವಾರ್ಡಿನಲ್ಲಿ ಎಲ್ಲರೂ ಬಳಸುವ ಲೆಕ್ಕ. ಅರ್ಧ ಲೀಟರಿಗೆ ಅದಕ್ಕಿಂತ ಕಡಿಮೆ. ಆರೋಗ್ಯವಂತನಿಗೆ ಅದು ಬೇಕಿಲ್ಲ. ಶ್ವಾಸಕೋಶವೇ ಕೈಕೊಟ್ಟವನಿಗೆ ಅದು ಸಾಲದು, ಅವನಿಗೆ ಬೇಕಾದ್ದು ಹೆಚ್ಚಿನ ಪಾಲು, ಬಿಡದೆ, ಗಂಟೆಗಟ್ಟಲೆ.

ಪ್ರಚಾರದ ವಿಡಿಯೋಗಳಲ್ಲಿ ಆಕ್ಸಿಮೀಟರ್ 97ರಿಂದ 99ಕ್ಕೆ ಏರುವುದನ್ನು ತೋರಿಸುತ್ತಾರೆ. ಬೆನ್ನು ನೆಟ್ಟಗೆ ಮಾಡಿ ಕೂತು ನಾಲ್ಕು ಸಲ ದೀರ್ಘವಾಗಿ ಉಸಿರೆಳೆದರೂ ಅಷ್ಟು ಏರಬಹುದು. ರೋಗಿಯ ಮಟ್ಟ ಇಳಿಯುತ್ತಿದ್ದರೆ ಪೊಟ್ಟಣ ಹರಿಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಈ ಕಿಟ್‌ನಿಂದ ಆಗುವ ದೊಡ್ಡ ಹಾನಿ ರಸಾಯನದ್ದಲ್ಲ, ಕಳೆದುಹೋಗುವ ಹೊತ್ತಿನದು.

ಇನ್ನೊಂದು ಜಾಹೀರಾತಿನ ಮಾತು, ‘ವಿಮಾನದಲ್ಲಿ ಬಳಸುವ ತಂತ್ರಜ್ಞಾನ’. ಅಲ್ಲ. ಪ್ರಯಾಣಿಕರ ಸೀಟಿನ ಮೇಲೆ ಇರುವ ಡಬ್ಬಿಗಳಲ್ಲಿ ಬಹುತೇಕ ಇರುವುದು ಸೋಡಿಯಂ ಕ್ಲೋರೇಟ್, ಜೊತೆಗೆ ಸ್ವಲ್ಪ ಕಬ್ಬಿಣದ ಪುಡಿ. ಕ್ಲೋರೇಟ್ ತನ್ನ ತೂಕದ 45% ಆಮ್ಲಜನಕ ಬಿಡುತ್ತದೆ, ಪರ್‌ಕಾರ್ಬೊನೇಟಿನ ಮೂರು ಪಟ್ಟು. ಅದಕ್ಕೆ ತೆರುವ ಬೆಲೆ ಶಾಖ, ಡಬ್ಬಿಯ ಹೊರಮೈಯೇ ಕೈ ಸುಡುವಷ್ಟು ಕಾಯುತ್ತದೆ. 1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ ವ್ಯಾಲ್ಯೂಜೆಟ್ 592 ವಿಮಾನ ಬಿದ್ದು 110 ಜನ ಸತ್ತದ್ದು ಸರಕಿನ ಕೋಣೆಯಲ್ಲಿ ತಪ್ಪಾಗಿ ತುಂಬಿದ್ದ ಇಂಥ ಡಬ್ಬಿಗಳಿಂದ ಎದ್ದ ಬೆಂಕಿಗೆ. ನಮ್ಮ ಎರಡು ಪೊಟ್ಟಣದ ಕಿಟ್ ಅದಕ್ಕಿಂತ ಎಷ್ಟೋ ಸಾಧು, ಅದಕ್ಕೇ ಅಷ್ಟು ಬಡಕಲು ಕೂಡ.

ನಡೆಸುವಾಗ ಕಾಣುವುದು

ಬಹುತೇಕ ಕಿಟ್‌ಗಳು ಅರ್ಧ ಲೀಟರ್ ನೀರು, ನೂರು ಗ್ರಾಂ ಬಿಳಿ, ಒಂದು ಪೊಟ್ಟಣ ಕರಿ ಎನ್ನುತ್ತವೆ. ‘15ರಿಂದ 20 ನಿಮಿಷ’ ಎಂಬ ಮಾತೂ ಜೊತೆಗಿರುತ್ತದೆ. ಹತ್ತು ಲೀಟರನ್ನು ಅಷ್ಟು ಹೊತ್ತಿಗೆ ಹಂಚಿದರೆ ಸರಾಸರಿ ನಿಮಿಷಕ್ಕೆ ಅರ್ಧ ಲೀಟರ್ ಚಿಲ್ಲರೆ. ಆದರೆ ಸರಾಸರಿ ಎಂಬುದು ಇಲ್ಲಿ ಕಾಗದದ ಮೇಲೆ ಮಾತ್ರ ಇರುವ ಸಂಗತಿ. ಅರ್ಧ ಲೀಟರ್ ತಣ್ಣೀರಿನಲ್ಲಿ ನೂರು ಗ್ರಾಂ ಪೂರ್ತಿ ಕರಗುವುದಿಲ್ಲ, 20 ಡಿಗ್ರಿಯಲ್ಲಿ ಲೀಟರಿಗೆ 140 ಗ್ರಾಂ ಸುಮಾರು ಅದರ ಮಿತಿ. ತಳದಲ್ಲಿ ಹರಳು ಉಳಿಯುತ್ತದೆ. ಕ್ರಿಯೆ ಶುರುವಾಗಿ ನೀರು ಬಿಸಿಯಾದಂತೆ ಅದೂ ಕರಗುತ್ತದೆ, ಬಿಸಿ ಹೆಚ್ಚಿದಂತೆ ಒಡೆಯುವ ವೇಗವೂ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಇನ್ನಷ್ಟು ಬಿಸಿ. ಹಾಗಾಗಿ ಮೊದಲು ಮಂದ, ಆಮೇಲೆ ಒಮ್ಮೆಲೇ ಉಕ್ಕು, ಕೊನೆಗೆ ಉದ್ದನೆಯ ಬಾಲ. ಕಲಬುರಗಿಯ ಏಪ್ರಿಲ್ ತಿಂಗಳ ನಲ್ಲಿ ನೀರಿನಲ್ಲಿ ಉಕ್ಕು ಬೇಗ ಬಂದು ಬೇಗ ಮುಗಿಯುತ್ತದೆ, ಮಡಿಕೇರಿಯ ಡಿಸೆಂಬರ್ ನೀರಿನಲ್ಲಿ ಅದೇ ಪೊಟ್ಟಣ ತೂಕಡಿಸುತ್ತದೆ. ಡಬ್ಬದ ಮೇಲೆ ನೀರಿನ ಉಷ್ಣತೆ ನಮೂದಿಸದೆ ನಿಮಿಷ ಬರೆದಿದ್ದರೆ ಆ ನಿಮಿಷಗಳಿಗೆ ಅರ್ಥವಿಲ್ಲ.

ಶಾಖದ ಲೆಕ್ಕವೂ ಸಣ್ಣದಲ್ಲ. ಒಂದು ಲೀಟರ್ ಆಮ್ಲಜನಕ ಹೊರಬರುವಾಗ ಸುಮಾರು 8 ಕಿಲೋಜೌಲ್ ಶಾಖ ಹುಟ್ಟುತ್ತದೆ. ಹತ್ತು ಲೀಟರಿಗೆ 80. ಅರ್ಧ ಲೀಟರ್ ನೀರನ್ನು ಅದು 35 ಡಿಗ್ರಿಗೂ ಹೆಚ್ಚು ಏರಿಸಬಲ್ಲದು. 28ರಲ್ಲಿ ಶುರುವಾದದ್ದು 60 ದಾಟಬಹುದು. ‘ನೀರು ಕಡಿಮೆ ಹಾಕಿದರೆ ಗಟ್ಟಿಯಾಗಿ ಬರುತ್ತದೆ’ ಎಂದು 250 ಮಿಲಿಗೆ ಇಳಿಸಿದರೆ ಕುದಿಯುವ ಹತ್ತಿರಕ್ಕೆ ಹೋಗುತ್ತದೆ. ಕಿಟ್‌ನ ಡಬ್ಬಿ ಪಾಲಿಪ್ರೊಪಿಲೀನಿನದಾದರೆ ಈ ಬಿಸಿ ತಡೆಯುತ್ತದೆ, ತಳದಲ್ಲಿ ‘ಪಿಪಿ’ ಅಥವಾ ತ್ರಿಕೋನದೊಳಗೆ 5 ಎಂಬ ಗುರುತು ನೋಡಿ. ಖಾಲಿ ಮಿನರಲ್ ವಾಟರ್ ಬಾಟಲಿಯಲ್ಲಿ ಇದನ್ನು ಮಾಡಲು ಹೋದರೆ ಬಾಟಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ, ಮುಚ್ಚಳದ ಬಿಗಿ ತಪ್ಪುತ್ತದೆ.

60 ಡಿಗ್ರಿಯ ನೀರಿನ ಮೇಲಿಂದ ಹೊರಡುವ ಅನಿಲದ ಐದನೇ ಒಂದು ಪಾಲು ಬರೀ ನೀರಾವಿ. ಅದು ನಳಿಕೆಯಲ್ಲಿ ತಣಿದು ಹನಿಗಟ್ಟುತ್ತದೆ. ನಳಿಕೆ ಎಲ್ಲಿ ಜೋತುಬಿದ್ದಿದೆಯೋ ಅಲ್ಲಿ ನೀರು ನಿಂತು ಗುಡುಗುಡು ಸದ್ದು, ಹರಿವು ಬಿಟ್ಟು ಬಿಟ್ಟು ಬರುತ್ತದೆ. ನಳಿಕೆಯನ್ನು ಡಬ್ಬಿಯಿಂದ ಮೇಲಕ್ಕೆ ಏರಿಸಿ, ತಣಿದ ನೀರು ಡಬ್ಬಿಗೇ ವಾಪಸ್ ಹರಿಯುವಂತೆ ಇಟ್ಟರೆ ಸರಿಹೋಗುತ್ತದೆ. ಕಿಟ್‌ನ ಚಿತ್ರದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ.

ಆವಿಗಿಂತ ಕೆಟ್ಟದ್ದು ಅದರ ಜೊತೆ ಹಾರುವ ಸೂಕ್ಷ್ಮ ತುಂತುರು. ಡಬ್ಬಿಯೊಳಗಿನ ದ್ರವ ವಾಷಿಂಗ್ ಸೋಡಾದ ದ್ರಾವಣ, ಪಿಎಚ್ 10.5ರ ಆಸುಪಾಸು, ಅಂದರೆ ಚೆನ್ನಾಗಿಯೇ ಕ್ಷಾರ. ಗುಳ್ಳೆ ಒಡೆದಾಗಲೆಲ್ಲ ಅದರ ಕಣ ಅನಿಲದೊಂದಿಗೆ ಹೊರಡುತ್ತದೆ. ಮೂಗು ಉರಿ, ಗಂಟಲು ಕೆರೆತ, ಬಾಯಲ್ಲಿ ಸೋಪಿನ ರುಚಿ. ನಡುವಿನ ನೀರಿನ ಬಾಟಲಿ ಇರುವುದು ಇದನ್ನು ಹಿಡಿಯಲಿಕ್ಕೆ. ಅದನ್ನು ‘ತೇವಾಂಶಕ್ಕೆ’ ಎಂದು ವಿವರಿಸುವ ಕೈಪಿಡಿಗಳು ಅದರ ಅಸಲಿ ಕೆಲಸವನ್ನೇ ಮುಚ್ಚಿಟ್ಟಂತೆ. ಆ ನೀರಿಗೆ ಕ್ಷಾರವನ್ನು ಬಣ್ಣದಿಂದ ತೋರಿಸುವ ಸೂಚಕ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ ಕಿಟ್ ನಡೆಸಿ ನೋಡಿ. ಗುಲಾಬಿ ಬಣ್ಣ ಬಂದರೆ ಕ್ಷಾರ ಅಲ್ಲಿಯವರೆಗೂ ಬರುತ್ತಿದೆ ಎಂದು ಅರ್ಥ. ಒಳಗಿನ ಕೊಳವೆ ನೀರಿನಲ್ಲಿ ಕನಿಷ್ಠ ನಾಲ್ಕೈದು ಸೆಂಟಿಮೀಟರ್ ಮುಳುಗಿರಬೇಕು. ಕೆಲವು ಅಗ್ಗದ ಕಿಟ್‌ಗಳಲ್ಲಿ ಕೊಳವೆ ನೀರನ್ನು ಮುಟ್ಟುವುದೇ ಇಲ್ಲ.

ಕವಾಟವಿಲ್ಲದ್ದನ್ನು ಕೊಳ್ಳಬೇಡಿ

ಇಡೀ ವಿನ್ಯಾಸದಲ್ಲಿ ನಿಜವಾಗಿ ಹೆದರಬೇಕಾದ ಜಾಗ ಮುಚ್ಚಳ. ಡಬ್ಬಿಯಲ್ಲಿ ನೀರಿನ ಮೇಲೆ ಉಳಿಯುವ ಖಾಲಿ ಜಾಗ ಅರ್ಧ ಲೀಟರಿಗೂ ಕಡಿಮೆ. ನಳಿಕೆ ಮಡಚಿಕೊಂಡರೆ, ಅದರ ಮೇಲೆ ಯಾರಾದರೂ ಕೂತರೆ, ಕಿರಿದಾದ ತುದಿಯಲ್ಲಿ ಕರಿ ಪುಡಿ ಸಿಕ್ಕಿಕೊಂಡರೆ, ಹತ್ತು ಲೀಟರ್ ಅನಿಲ ಆ ಜಾಗದಲ್ಲೇ ತುಂಬಿಕೊಳ್ಳಲು ನೋಡುತ್ತದೆ. ಲೆಕ್ಕದ ಪ್ರಕಾರ ಒತ್ತಡ ವಾಯುಭಾರದ ಇಪ್ಪತ್ತು ಪಟ್ಟು ದಾಟಬೇಕು. ಅಷ್ಟಕ್ಕೆ ಹೋಗುವ ಬಹಳ ಮೊದಲೇ ಪ್ಲಾಸ್ಟಿಕ್ ಸೀಳುತ್ತದೆ, ಬಿಸಿ ಕ್ಷಾರ ಕಣ್ಣಿಗೆ ಹಾರುತ್ತದೆ. ಕರಿ ಪುಡಿ ಬಿದ್ದ ಮೇಲೆ ಕ್ರಿಯೆಯನ್ನು ನಿಲ್ಲಿಸುವ ಗುಂಡಿ ಇಲ್ಲ. ಆದ್ದರಿಂದ ಮುಚ್ಚಳದಲ್ಲಿ ಒತ್ತಡ ಬಿಡುವ ಕವಾಟ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವಿನಷ್ಟು ಸರಳವಾದ ರಬ್ಬರ್ ಬಿರಡೆ ಸಾಕು. ಚಿತ್ರದಲ್ಲಿ ಕಾಣದಿದ್ದರೆ ಮಾರಾಟಗಾರನನ್ನು ಕೇಳಿ. ಉತ್ತರ ಬಾರದಿದ್ದರೆ ಬಿಡಿ.

ಅದರ ತದ್ವಿರುದ್ಧದ ತೊಂದರೆ ಸೋರಿಕೆ. ಡಬ್ಬಿಯೊಳಗೆ ನೊರೆ ಉಕ್ಕುತ್ತಿದೆ, ನೀರಿನ ಬಾಟಲಿಯಲ್ಲಿ ಗುಳ್ಳೆ ಇಲ್ಲ ಎಂದರೆ ಮುಚ್ಚಳದ ವಾಷರ್ ಸರಿಯಾಗಿ ಕೂತಿಲ್ಲ. ತಿರುಪಿನಲ್ಲಿ ಹರಳು ಸಿಕ್ಕಿಕೊಂಡಿರುವುದು ಸಾಮಾನ್ಯ ಕಾರಣ. ಪುಡಿ ಹಾಕುವ ಮೊದಲು ಖಾಲಿ ಡಬ್ಬಿಯ ನಳಿಕೆಯಲ್ಲಿ ಊದಿ, ಅಂಚಿಗೆ ಸೋಪು ನೀರು ಹಚ್ಚಿ ನೋಡಿ. ಸೋಪು ನೀರು ಮಾತ್ರ, ಎಣ್ಣೆಯಾಗಲಿ ವ್ಯಾಸಲೀನಾಗಲಿ ಹಚ್ಚಬೇಡಿ. ಆಮ್ಲಜನಕ ಹರಿಯುವ ಕಡೆ ಜಿಡ್ಡು ಇರಬಾರದು.

ಮುಗಿದ ಮೇಲೆ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅನಿಲ ನಿಂತು ಡಬ್ಬಿ ತಣಿಯುವಾಗ ಒಳಗಿನ ಒತ್ತಡ ಇಳಿದು, ನಡುವಿನ ಬಾಟಲಿಯ ನೀರನ್ನು ಡಬ್ಬಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಗುಳ್ಳೆ ನಿಂತ ಕೂಡಲೇ ನಳಿಕೆ ಬಿಡಿಸಿ.

ಊದಿನಕಡ್ಡಿ ಏನನ್ನು ಹೇಳುವುದಿಲ್ಲ

ಕೆಂಡವಾಗಿರುವ ಊದಿನಕಡ್ಡಿಯನ್ನು ನಳಿಕೆಯ ಬಾಯಿಗೆ ಹಿಡಿದಾಗ ಭಗ್ಗನೆ ಹೊತ್ತಿಕೊಳ್ಳುವುದು ಚೆಂದದ ದೃಶ್ಯ. ಇದನ್ನು ತೋರಿಸಿ ‘99% ಶುದ್ಧ’ ಎನ್ನುತ್ತಾರೆ. ಕಡ್ಡಿ ಹೊತ್ತಿಕೊಳ್ಳಲು ಅಷ್ಟು ಶುದ್ಧತೆ ಬೇಕಿಲ್ಲ, ಮಾಮೂಲಿ ಗಾಳಿಗಿಂತ ಆಮ್ಲಜನಕ ಸಾಕಷ್ಟು ಹೆಚ್ಚಿದ್ದರೆ ಆಯಿತು. ಎಷ್ಟು ಬಂತು ಎಂಬುದನ್ನಂತೂ ಅದು ಹೇಳುವುದೇ ಇಲ್ಲ. ಶುದ್ಧತೆಯ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಪೆರಾಕ್ಸೈಡಿನಿಂದ ಬರುವ ಅನಿಲ ಮೂಲದಲ್ಲಿ ಶುದ್ಧ ಆಮ್ಲಜನಕವೇ. ಆದರೆ ಡಬ್ಬಿ, ಬಾಟಲಿ, ನಳಿಕೆಯಲ್ಲಿದ್ದ ಗಾಳಿ ಮೊದಲು ಹೊರಗೆ ಹೋಗಬೇಕು. ಹತ್ತು ಲೀಟರಿನಲ್ಲಿ ಮೊದಲ ಎರಡು ಲೀಟರ್ ಬೆರಕೆ ಎಂದೇ ಲೆಕ್ಕ. ಮತ್ತೆ, ದೇವರ ಮನೆಯ ದೀಪ, ಗ್ಯಾಸ್ ಒಲೆ, ಸಿಗರೇಟು ಇರುವ ಕಡೆ ಕಿಟ್ ನಡೆಸಬಾರದು ಎಂಬುದಕ್ಕೂ ಈ ಕಡ್ಡಿಯೇ ಸಾಕ್ಷಿ.

ಪ್ರಮಾಣ ಅಳೆಯಲು ಉಪಕರಣದ ಅಗತ್ಯವಿಲ್ಲ. ಐದು ಲೀಟರಿನ ಗಟ್ಟಿ ಕ್ಯಾನ್ ತುಂಬ ನೀರು ತುಂಬಿ, ಎರಡು ತೂತಿನ ರಬ್ಬರ್ ಬಿರಡೆ ಹಾಕಿ. ಒಂದು ತೂತಿನಿಂದ ಅನಿಲ ಒಳಗೆ, ಇನ್ನೊಂದರಿಂದ ಕ್ಯಾನಿನ ತಳದವರೆಗೆ ಇಳಿದ ಕೊಳವೆಯ ಮೂಲಕ ನೀರು ಹೊರಗೆ, ಬಕೆಟ್ಟಿಗೆ. ಬಂದ ನೀರನ್ನು ಅಳೆದರೆ ಬಂದ ಅನಿಲ ಗೊತ್ತಾಗುತ್ತದೆ. ಆಮ್ಲಜನಕ ನೀರಿನಲ್ಲಿ ಕರಗುವುದು ಲೀಟರಿಗೆ ಹೆಚ್ಚೆಂದರೆ ನಲವತ್ತು ಮಿಲಿಗ್ರಾಂ ಸುಮಾರು, ಅದನ್ನು ಮರೆಯಬಹುದು. ಐದು ಲೀಟರ್ ತುಂಬಿದ ಮೇಲೆ ಕ್ಯಾನ್ ಬದಲಿಸಿ. ಪೂರ್ತಿ ಪೊಟ್ಟಣದ ಬದಲು 40 ಗ್ರಾಂ ತೂಗಿ 200 ಮಿಲಿ ನೀರಿಗೆ ಹಾಕಿ ನೋಡುವುದು ಇನ್ನೂ ಸುಲಭ. ನಾಲ್ಕು ಲೀಟರ್ ಬರಬೇಕು. ಎರಡೂವರೆ ಬಂದು ನಿಂತರೆ ಸರಕು ಹಳತು.

ಪಿಯು ಕಾಲೇಜಿನ ಲ್ಯಾಬ್ ಕೈಗೆ ಸಿಗುವಂತಿದ್ದರೆ ಪರ್ಮಾಂಗನೇಟ್ ಟೈಟ್ರೇಷನ್ (ಬಣ್ಣ ನಿಲ್ಲುವವರೆಗೆ ದ್ರಾವಣವನ್ನು ಅಳೆದು ಬಿಡುವ ವಿಧಾನ) ಇನ್ನೂ ಖಚಿತ. 0.2 ಗ್ರಾಂ ಹರಳು ತೂಗಿ, ಸಾರರಿಕ್ತ (ಡೈಲ್ಯೂಟ್) ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ. ಬುರುಗು ಬರುವುದು ಇಂಗಾಲದ ಡೈಆಕ್ಸೈಡ್, ಗಾಬರಿ ಬೇಡ. ಲೀಟರಿಗೆ 3.16 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಇರುವ ದ್ರಾವಣವನ್ನು ಬ್ಯುರೆಟ್ಟಿನಿಂದ ಬಿಡಿ. ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಅಂತ್ಯ. ಬ್ಯುರೆಟ್ಟಿನ ಓದನ್ನು 0.4ರಿಂದ ಗುಣಿಸಿದರೆ ದೊರಕುವ ಆಮ್ಲಜನಕದ ಶೇಕಡಾವಾರು ಸಿಗುತ್ತದೆ. ಒಳ್ಳೆಯ ಸರಕಿಗೆ 33-34 ಮಿಲಿ ಹಿಡಿಯಬೇಕು. ಆಮ್ಲ ಸಾಲದಿದ್ದರೆ ದ್ರಾವಣ ಕಂದು ತಿರುಗುತ್ತದೆ. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡೇ, ಅದು ಪೆರಾಕ್ಸೈಡನ್ನು ಅಲ್ಲೇ ಒಡೆದುಹಾಕಿ ಲೆಕ್ಕ ಕೆಡಿಸುತ್ತದೆ. ಚೆಲ್ಲಿ, ಆಮ್ಲ ಹೆಚ್ಚಿಸಿ ಮತ್ತೆ ಮಾಡಿ.

ತರಗತಿಯಲ್ಲಿ ಇದರ ಬೆಲೆ

ಹತ್ತು ಲೀಟರ್ ಎಂಬುದು ರೋಗಿಗೆ ಏನೂ ಅಲ್ಲ, ಒಂಬತ್ತನೇ ತರಗತಿಗೆ ಹಬ್ಬ. ಪ್ರಯೋಗಕ್ಕೆ ಬೇಕಾಗುವುದು ನಾಲ್ಕಾರು ಜಾಡಿ ಅನಿಲ. ಪುಡಿ ರೂಪದಲ್ಲಿರುವುದರಿಂದ ಸಾಗಿಸುವುದು ಸುಲಭ, ಬೆಂಕಿ ಬೇಡ. ಹಿಂದೆ ಶಾಲೆಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ನಾಲ್ಕು ಪಾಲು, ಮ್ಯಾಂಗನೀಸ್ ಡೈಆಕ್ಸೈಡ್ ಒಂದು ಪಾಲು ಬೆರೆಸಿ ಪ್ರನಾಳದಲ್ಲಿ ಕಾಯಿಸುತ್ತಿದ್ದರು. ಆ ಮಿಶ್ರಣಕ್ಕೆ ಇದ್ದಿಲು, ಕಾಗದ, ರಬ್ಬರಿನ ಚೂರು ಬಿದ್ದರೆ ಸ್ಫೋಟ. ಅದನ್ನು ಬಿಟ್ಟದ್ದು ಒಳ್ಳೆಯದಾಯಿತು.

ಆದರೂ ಕಿಟ್‌ಗೆ ಐದನೇ ಅಂಕ ಕೊಡದಿರಲು ಕಾರಣವಿದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚುವ ವಿನ್ಯಾಸದಲ್ಲಿ ವೇಗ ನಮ್ಮ ಕೈಯಲ್ಲಿಲ್ಲ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಅದಕ್ಕಿಂತ ವಾಸಿ. ಬಾಟಲಿಯ ಮೇಲೆ 6% ಅಥವಾ ‘20 ವಾಲ್ಯೂಮ್’ ಎಂದಿರುತ್ತದೆ, ಒಂದು ಮಿಲಿ ದ್ರವಕ್ಕೆ ಇಪ್ಪತ್ತು ಮಿಲಿ ಅನಿಲ ಎಂದರ್ಥ. 250 ಮಿಲಿಯ ಕೋನಿಕಲ್ ಫ್ಲಾಸ್ಕಿನಲ್ಲಿ ಒಂದು ಗ್ರಾಂ ಕರಿ ಪುಡಿ, ಅದು ಮುಳುಗುವಷ್ಟು ನೀರು. ಮೇಲೆ ನಲ್ಲಿ ಇರುವ ಫನಲ್‌ನಲ್ಲಿ 75 ಮಿಲಿ ಪೆರಾಕ್ಸೈಡ್. ಹನಿ ಹನಿಯಾಗಿ ಬಿಟ್ಟಂತೆ ಅನಿಲ, ನಲ್ಲಿ ಮುಚ್ಚಿದರೆ ನಿಲ್ಲುತ್ತದೆ. ಮೊದಲ 400 ಮಿಲಿ ಬಿಟ್ಟುಬಿಡಿ, ಆಮೇಲೆ ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ 250 ಮಿಲಿಯ ನಾಲ್ಕು ಜಾಡಿ ತುಂಬುತ್ತವೆ. ಪೆರಾಕ್ಸೈಡನ್ನು ಕರಿ ಪುಡಿಗೆ ಬಿಡಬೇಕು. ಪೆರಾಕ್ಸೈಡ್ ತುಂಬಿದ ಫ್ಲಾಸ್ಕಿಗೆ ಕರಿ ಪುಡಿ ಸುರಿದರೆ ಒಮ್ಮೆಲೇ ಉಕ್ಕಿ ಬಿರಡೆ ಹಾರುತ್ತದೆ. ಲ್ಯಾಬಿನ 30% ಪೆರಾಕ್ಸೈಡನ್ನು ಹಾಗೇ ಬಳಸಲೇಬೇಡಿ. ಅದರ ಶಾಖಕ್ಕೆ ದ್ರವ ತಾನೇ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಬಿಳಿ ಸುಟ್ಟ ಗಾಯ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಅದೇ 6% ಆಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ.

ಕಿಟ್ ಈಗಾಗಲೇ ಮನೆಯಲ್ಲಿದ್ದರೆ ಅದರ ಅತಿ ಒಳ್ಳೆಯ ಉಪಯೋಗ ಕ್ರಿಯಾವರ್ಧಕದ ಪಾಠ. ಕರಿ ಪುಡಿಯನ್ನು ಮೊದಲು ತೂಗಿ, ಕ್ರಿಯೆ ಮುಗಿದ ಮೇಲೆ ಸೋಸಿ, ಸೋಸಿದ ನೀರು ಫಿನಾಲ್ಫ್ತಲೀನಿಗೆ ಗುಲಾಬಿಯಾಗದಷ್ಟು ತೊಳೆದು, ಒಣಗಿಸಿ ಮತ್ತೆ ತೂಗಿದರೆ ತೂಕ ಹೆಚ್ಚುಕಡಿಮೆ ಅಷ್ಟೇ. ಪುಡಿ ಬಹಳ ನಯವಾಗಿದ್ದರೆ ಫಿಲ್ಟರ್ ಕಾಗದವನ್ನೂ ದಾಟುತ್ತದೆ, ಕಾಗದ ಜೋಡಿ ಮಡಿಸಿ ಒಂದು ರಾತ್ರಿ ಕೆಸರು ಕೂರಲು ಬಿಟ್ಟು ಸೋಸಿ. ಅದೇ ಪುಡಿಯನ್ನು ಎರಡನೇ ಸಲ ಬಳಸಿ ತೋರಿಸಿದರೆ ಮಕ್ಕಳಿಗೆ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ನಿಂಬೆರಸ, ವಿನೆಗರ್ ಮಾತ್ರ ಸೇರಿಸಬೇಡಿ. ಆಮ್ಲ ಇದ್ದಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡಿನೊಂದಿಗೆ ತಾನೂ ಕರಗಿಹೋಗುತ್ತದೆ, ಆಗ ಅದು ಕ್ರಿಯಾವರ್ಧಕವಲ್ಲ. ಡಬ್ಬಿಗೆ ಹಿಡಿದ ಕಂದು ಕಲೆ ತೆಗೆಯಲು ಇದೇ ಗುಣ ಬಳಸಿಕೊಳ್ಳಿ: ಸ್ವಲ್ಪ ಪೆರಾಕ್ಸೈಡ್, ಅರ್ಧ ಹೋಳು ನಿಂಬೆ, ಕಲೆ ಮಾಯ.

ಕರಿ ಪುಡಿ ಮುಗಿದವರು ಹಳೆಯ ಟಾರ್ಚ್ ಸೆಲ್ ಒಡೆಯಲು ಹೋಗುತ್ತಾರೆ. ಸತು-ಇಂಗಾಲದ ಸೆಲ್ಲಿನ ಕರಿ ಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇರುವುದು ನಿಜ, ಜೊತೆಗೆ ಇಂಗಾಲ ಮತ್ತು ಅಮೋನಿಯಂ ಕ್ಲೋರೈಡ್ ಅಥವಾ ಸತುವಿನ ಕ್ಲೋರೈಡ್ ಕೂಡ ಇರುತ್ತದೆ. ತೊಳೆಯದೆ ಪರ್‌ಕಾರ್ಬೊನೇಟಿಗೆ ಹಾಕಿದರೆ ವಾಷಿಂಗ್ ಸೋಡಾ ಅಮೋನಿಯಾವನ್ನು ಬಿಡಿಸಿ ಮೂಗಿಗೆ ಹೊಡೆಯುತ್ತದೆ. ನಾಲ್ಕೈದು ಸಲ ಬಿಸಿನೀರಿನಲ್ಲಿ ತೊಳೆದರೆ ಪೆರಾಕ್ಸೈಡ್ ಪ್ರಯೋಗಕ್ಕೆ ನಡೆಯುತ್ತದೆ, ಬೆಂಕಿಯ ಮೇಲೆ ಕಾಯಿಸುವ ಯಾವ ಪ್ರಯೋಗಕ್ಕೂ ಬೇಡ. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರು ಹೇರಳವಾಗಿದೆಯಲ್ಲ, ಒಂದು ಕಲ್ಲು ಕುಟ್ಟಿ ಹಾಕಿದರಾಯಿತು ಎನ್ನುವವರಿಗೂ ಅದೇ ಉತ್ತರ: ಗುಳ್ಳೆ ಬರುತ್ತದೆ, ಆದರೆ ಅದಿರಿನಲ್ಲಿ ಕಬ್ಬಿಣ, ಜೇಡಿ ಎಲ್ಲ ಇರುವುದರಿಂದ ಪ್ರತಿ ಕಲ್ಲಿನ ವೇಗವೂ ಬೇರೆ. ಯೀಸ್ಟ್ ಕಿಟ್‌ಗೆ ಹೊಂದುವುದಿಲ್ಲ. ಅದರ ಕೆಟಲೇಸ್ ಕಿಣ್ವ ಔಷಧಿ ಅಂಗಡಿಯ ಪೆರಾಕ್ಸೈಡಿನಲ್ಲಿ ಚುರುಕು, ಪರ್‌ಕಾರ್ಬೊನೇಟಿನ ಕ್ಷಾರದಲ್ಲೂ ಬಿಸಿಯಲ್ಲೂ ಬೇಗ ಸಾಯುತ್ತದೆ, ಉಳಿಯುವುದು ಬರೀ ನೊರೆ.

ಮರುಪೂರಣದ ಪೊಟ್ಟಣ ದುಬಾರಿ ಎಂದು ಬಟ್ಟೆಯ ಆಕ್ಸಿಜನ್ ಬ್ಲೀಚ್ ಕೊಳ್ಳುವವರು ಲೇಬಲ್ ಓದಿ. ಕಲೆ ತೆಗೆಯುವ ಪುಡಿಗಳಲ್ಲಿ ಹಲವು ಪರ್‌ಕಾರ್ಬೊನೇಟ್ ಜೊತೆ ಮಾರ್ಜಕ, ಸುಗಂಧ ಬೆರೆಸಿದವು. ಅದನ್ನು ಹಾಕಿದರೆ ನೊರೆ ನಳಿಕೆಯವರೆಗೂ ಏರುತ್ತದೆ. ಪಟ್ಟಿಯಲ್ಲಿ ಸೋಡಿಯಂ ಪರ್‌ಕಾರ್ಬೊನೇಟ್ ಒಂದೇ ಹೆಸರಿರಬೇಕು. ಬೆಲೆ ಹೋಲಿಸುವಾಗ ಪೊಟ್ಟಣಕ್ಕೆ ಎಷ್ಟು ಎಂದಲ್ಲ, ಲೀಟರ್ ಆಮ್ಲಜನಕಕ್ಕೆ ಎಷ್ಟು ಎಂದು ನೋಡಿ: ಗ್ರಾಂ ಲೆಕ್ಕವನ್ನು ಹತ್ತರಿಂದ ಭಾಗಿಸಿದರೆ ಲೀಟರ್. ಇದೇ ಪುಡಿಯನ್ನು ಮೀನು, ಸೀಗಡಿ ಕೊಳಗಳಿಗೂ ಆಮ್ಲಜನಕದ ಹರಳು ಎಂದು ಮಾರುತ್ತಾರೆ. ಒಂದು ಎಕರೆ, ಒಂದು ಮೀಟರ್ ಆಳದ ಕೊಳದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಏರಿಸಬೇಕೆಂದರೆ, ಒಂದು ಗುಳ್ಳೆಯೂ ಹಾರಿಹೋಗದಿದ್ದರೂ, 30 ಕಿಲೋ ಬೇಕು. ಒಂದು ಕಿಲೋ ಎರಚಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ನಿಲ್ಲಿಸಿದರೆ ಬೆಳಗ್ಗೆ ಮೀನು ತೇಲುತ್ತಿರುತ್ತವೆ.

ಶೇಖರಣೆಯ ವಿಷಯದಲ್ಲಿ ಕರಾವಳಿಯವರು ಹೆಚ್ಚು ಎಚ್ಚರ ವಹಿಸಬೇಕು. ಪರ್‌ಕಾರ್ಬೊನೇಟಿಗೆ ತೇವ ಮತ್ತು 40 ಡಿಗ್ರಿ ಮೀರಿದ ಬಿಸಿ ಎರಡೂ ಆಗದು. ಮಳೆಗಾಲದಲ್ಲಿ ಪೊಟ್ಟಣ ಊದಿಕೊಂಡಿದ್ದರೆ ಒಳಗೆ ಆಗಲೇ ಒಡೆಯುತ್ತಿದೆ, ಅಂಥದ್ದನ್ನು ಹೊರಗೆ ಕತ್ತರಿಸಿ ಬಕೆಟ್ ನೀರಿಗೆ ಹಾಕಿ ಬಿಡಿ. ಗಾಳಿಯಾಡದ ಗಾಜಿನ ಜಾಡಿಗೆ ತುಂಬಿ ಬಿಗಿಯಾಗಿ ಮುಚ್ಚಬೇಡಿ. ಇದು ಆಕ್ಸಿಡೈಸರ್, ಅಂದರೆ ಬೇರೆ ವಸ್ತು ಉರಿಯಲು ನೆರವಾಗುವಂಥದ್ದು, ಸಾಗಾಣಿಕೆಯಲ್ಲಿ ಇದಕ್ಕೆ ಯುಎನ್ 3378 ಎಂಬ ಅಪಾಯದ ಸಂಖ್ಯೆಯೇ ಇದೆ. ಕಟ್ಟಿಗೆಪುಡಿ, ಸಕ್ಕರೆ, ಎಣ್ಣೆ ಬಟ್ಟೆಯ ಪಕ್ಕ ಇಡುವಂಥದ್ದಲ್ಲ. ಬಿಳಿ ಮತ್ತು ಕರಿ ಪೊಟ್ಟಣ ಬೇರೆ ಬೇರೆ ಡಬ್ಬಿಯಲ್ಲಿರಲಿ. ಕ್ರಿಯೆ ಮುಗಿದ ಮೇಲೆ ಉಳಿಯುವುದು ನೂರು ಗ್ರಾಂಗೆ ಅರುವತ್ತೇಳು ಗ್ರಾಂನಷ್ಟು ವಾಷಿಂಗ್ ಸೋಡಾ ಕರಗಿದ ನೀರು. ಕರಿ ಕೆಸರು ಸೋಸಿಕೊಂಡು ಆ ನೀರನ್ನು ಬಚ್ಚಲಿಗೆ ಸುರಿದು ಮೇಲೆ ಎರಡು ಬಕೆಟ್ ನೀರು ಬಿಡಿ. ಗಿಡಕ್ಕೆ ಹಾಕಬೇಡಿ, ಮಣ್ಣು ಕ್ಷಾರವಾಗುತ್ತದೆ. ಗುಳ್ಳೆ ಪೂರ್ತಿ ನಿಲ್ಲದ ದ್ರವವನ್ನು ಮುಚ್ಚಳ ಹಾಕಿ ಎತ್ತಿಡುವುದಂತೂ ಬೇಡವೇ ಬೇಡ.